ಬಾಣಂತಿಯ ಬಿಸಿನೀರು

“ಗುರುಗಳೇ, ಸಂಕಟ ಮನಸ್ಸಿನಲ್ಲಿದ್ದರೆ ಮೈಗೆ ಎರೆದ ಬಿಸಿನೀರು ಅಲ್ಲಿಯವರೆಗೆ ಮುಟ್ಟುತ್ತದೆಯೇ?” ಎಂದು ಮರುಳಯ್ಯ ಕೇಳಿದ.

ಕೆಲವು ವಾರಗಳಿಂದ ಅವನಿಗೆ ಸರಿಯಾಗಿ ನಿದ್ದೆ ಇರಲಿಲ್ಲ. ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುತ್ತಿತ್ತು. ದಿನವೂ ಬಿಸಿನೀರಿನಲ್ಲಿ ಮೀಯಬೇಕೆಂದು ಗುರುಗಳು ಹೇಳಿದ್ದರು. ನಾಲ್ಕು ದಿನ ಮಿಂದು, ಐದನೆಯ ದಿನ ಈ ಪ್ರಶ್ನೆಯೊಂದಿಗೆ ಬಂದಿದ್ದ.

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ಕಂಬಳಿ ನೇಕಾರನಿದ್ದ. ಅವನ ಹೆಂಡತಿ ಹೆಣ್ಣುಮಗುವನ್ನು ಹೆತ್ತಳು. ಹೆರಿಗೆ ಸುಸೂತ್ರವಾಯಿತು. ಆದರೆ ಐದನೆಯ ದಿನ ಅವಳು ಮಾತು ನಿಲ್ಲಿಸಿದಳು. ಮಗು ಅತ್ತರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಪಕ್ಕದ ಮನೆಯವಳು ಬಂದು ತನ್ನ ಮಗುವಿನ ಜೊತೆಗೆ ಈ ಮಗುವಿಗೂ ಹಾಲೂಡಿಸಿ ಹೋಗುತ್ತಿದ್ದಳು.

ನೇಕಾರ ವೈದ್ಯರನ್ನು ಕರೆತಂದ. ಅವರು ನಾಡಿ ಹಿಡಿದು ನೋಡಿ, ಮೈಯಲ್ಲಿ ಯಾವ ರೋಗವೂ ಇಲ್ಲ ಎಂದರು. ಆ ಮಾತು ಕೇಳಿ ಅವನಿಗೆ ಇನ್ನಷ್ಟು ಭಯವಾಯಿತು. ರೋಗಕ್ಕೆ ಹೆಸರಿದ್ದರೆ ಮದ್ದಾದರೂ ಇರುತ್ತಿತ್ತು.

ಒಂದು ಬೆಳಿಗ್ಗೆ ಅವಳು ಹಿತ್ತಿಲ ಬಾವಿಯ ಕಟ್ಟೆಯ ಮೇಲೆ ಕೂತು ಒಳಗೆ ನೋಡುತ್ತಿದ್ದಳು. ಅವನು ಓಡಿಹೋಗಿ ತೋಳು ಹಿಡಿದು ಒಳಗೆ ಕರೆತಂದ. ಅಂದೇ ಅವನು ಬಾವಿಯ ಬಾಯಿಗೆ ಹಲಗೆ ಹಾಕಿ ಮೊಳೆ ಹೊಡೆದ. ಮಗ್ಗದ ಮುಂದೆ ಕೂತರೆ ಲಾಳಿ ಕೈಯಲ್ಲೇ ಉಳಿಯುತ್ತಿತ್ತು. ಗಳಿಗೆಗೊಮ್ಮೆ ಎದ್ದು ಹೋಗಿ, ಮಲಗಿದ್ದವಳ ಮೂಗಿನ ಹತ್ತಿರ ಬೆರಳಿಟ್ಟು ಉಸಿರಿದೆಯೇ ಎಂದು ನೋಡುತ್ತಿದ್ದ.

ಊರಿನಲ್ಲಿ ಬಾಣಂತಿಯರಿಗೆ ನೀರೆರೆಯುವ ಮುದುಕಿಯೊಬ್ಬಳಿದ್ದಳು. ಪಕ್ಕದ ಮನೆಯವಳು ಅವಳನ್ನು ಕರೆತಂದಳು. ಮುದುಕಿ ಹಂಡೆ ತುಂಬಿಸಿ ಒಲೆಗೆ ಉರಿ ಹಾಕಿಸಿದಳು. ಬಾಣಂತಿಯ ನೆತ್ತಿಗೂ ಬೆನ್ನಿಗೂ ಎಣ್ಣೆ ತಿಕ್ಕಿದಳು. ಮೊಣಕೈ ಅದ್ದಿ ಬಿಸಿ ನೋಡಿ, ಚೊಂಬು ಚೊಂಬಾಗಿ ಹೆಗಲಿನ ಮೇಲೆ ಎರೆದಳು. ಮಿಂದ ಮೇಲೆ ಹೊದಿಸಿ ಮಲಗಿಸಿದಳು. ಹೀಗೆ ದಿನವೂ ನಡೆಯಿತು.

ನೇಕಾರ ಬಚ್ಚಲ ಬಾಗಿಲಿನ ಹೊರಗೇ ನಿಂತಿರುತ್ತಿದ್ದ. ಎರಡು ಚೊಂಬು ಸುರಿದ ಸದ್ದಾಗುವಷ್ಟರಲ್ಲಿ, “ಅಜ್ಜಿ, ಏನಾದರೂ ಮಾತಾಡಿದಳೇ?” ಎಂದು ಕೇಳುತ್ತಿದ್ದ. ಮತ್ತೆರಡು ಚೊಂಬಿಗೆ, “ಮುಖ ಹೇಗಿದೆ ಅಜ್ಜಿ?” ಎನ್ನುತ್ತಿದ್ದ.

ನೀರೆರೆಯತೊಡಗಿದ ಆರನೆಯ ದಿನ ಮುದುಕಿ ಬಾಣಂತಿಯನ್ನು ಮಲಗಿಸಿ, ಅವನನ್ನು ಅಂಗಳಕ್ಕೆ ಕರೆದಳು.

“ನೋಡಪ್ಪಾ, ಬಿಸಿನೀರು ಬಿದ್ದಾಗ ಅವಳ ಹೆಗಲು ಸಡಿಲವಾಗುತ್ತದೆ. ಹೊರಗಿನಿಂದ ನಿನ್ನ ದನಿ ಬಂದ ಕೂಡಲೇ ಕಲ್ಲಿನಂತಾಗುತ್ತದೆ. ನಾನು ಬಿಡಿಸಿದ್ದನ್ನು ನೀನು ಬಿಗಿ ಮಾಡುತ್ತಿದ್ದೀಯೆ.”

“ನನಗೆ ಹೆದರಿಕೆಯಾಗುತ್ತದೆ ಅಜ್ಜಿ. ಕೇಳದೆ ಹೇಗಿರಲಿ?”

“ಹೆದರಿಕೊಂಡೇ ಇರು. ಆದರೆ ಬಾಗಿಲಲ್ಲಿ ನಿಲ್ಲಬೇಡ. ನಿನ್ನ ಬಾವಿ ಮುಚ್ಚಿದೆ, ನೆರೆಮನೆಯವರು ಎಷ್ಟು ದಿನ ನೀರು ಕೊಟ್ಟಾರು? ನಾಳೆಯಿಂದ ಕೆರೆಯ ನೀರು ನೀನು ತಾ.”

ಕೆರೆ ಊರಾಚೆ ಇತ್ತು. ಮರುದಿನದಿಂದ ಅವನು ಕೊಡ ಹೊತ್ತ. ಹಂಡೆ ತುಂಬಲು ಎಂಟು ಸಲ ಹೋಗಿಬರಬೇಕಿತ್ತು. ಮೊದಮೊದಲು ದಾರಿಯುದ್ದಕ್ಕೂ ಮನೆಯಲ್ಲಿ ಏನಾಗಿದೆಯೋ ಎಂದು ಎದೆ ನಡುಗುತ್ತಿತ್ತು. ಓಡಿದರೆ ನೀರು ತುಳುಕುತ್ತಿತ್ತು, ತುಳುಕಿದರೆ ಇನ್ನೊಂದು ಸಲ ಹೋಗಬೇಕಾಗುತ್ತಿತ್ತು. ಆದ್ದರಿಂದ ನಿಧಾನವಾಗಿ ನಡೆಯುವುದನ್ನು ಕಲಿತ.

ಹನ್ನೊಂದನೆಯ ದಿನ ಹೆಂಡತಿ ಮಿಂದವಳೇ ಗಾಢವಾಗಿ ನಿದ್ದೆ ಹೋದಳು. ಹೆರಿಗೆಯಾದ ಮೇಲೆ ಅವಳು ಹಾಗೆ ಮಲಗಿದ್ದು ಅದೇ ಮೊದಲು. ಮೂಗಿನ ಹತ್ತಿರ ಬೆರಳಿಡಲು ಹೋದವನು ಕೈ ಹಿಂದಕ್ಕೆಳೆದುಕೊಂಡ.

ಇನ್ನೂ ಒಂದು ವಾರ ಕಳೆಯಿತು. ಅವನು ಕೊನೆಯ ಕೊಡ ಇಳಿಸುತ್ತಿದ್ದಾಗ ಬಚ್ಚಲೊಳಗಿನಿಂದ ದನಿ ಕೇಳಿಸಿತು.

“ಅಜ್ಜಿ, ನೀರು ಸುಡುತ್ತಿದೆ. ಸ್ವಲ್ಪ ತಣ್ಣೀರು ಬೆರೆಸಿ.”

ಅವನು ಆ ಕೊಡವನ್ನು ಬಾಗಿಲ ಸಂದಿಯಿಂದ ಒಳಗೆ ಸರಿಸಿದ. ಏನೋ ಕೇಳಬೇಕೆಂದು ಬಾಯಿ ತೆರೆದ. ಮತ್ತೆ ಮುಚ್ಚಿಕೊಂಡು ಅಂಗಳಕ್ಕೆ ಹೋಗಿ, ತಲೆಗೆ ಸುತ್ತಿದ್ದ ಬಟ್ಟೆಯಲ್ಲಿ ಮುಖ ಒತ್ತಿಕೊಂಡು ಅತ್ತ.

ಆ ಸಂಜೆ ಅವಳು ಮಗುವನ್ನು ಮಡಿಲಿಗೆ ಕೊಡಿ ಎಂದಳು. ಅಷ್ಟಕ್ಕೇ ಎಲ್ಲವೂ ಸರಿಹೋಗಲಿಲ್ಲ. ಮರುದಿನ ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದಳು. ನೇಕಾರನ ಎದೆ ಹಿಂದಿನಂತೆಯೇ ಹೊಡೆದುಕೊಂಡಿತು. ಆದರೂ ಅವನು ಕೊಡ ಎತ್ತಿಕೊಂಡು ಕೆರೆಗೆ ಹೋದ. ಒಳ್ಳೆಯ ದಿನಗಳೂ ಕೆಟ್ಟ ದಿನಗಳೂ ಹೀಗೆ ಬಂದುಹೋದವು. ಮೂರು ತಿಂಗಳು ತುಂಬುವ ಹೊತ್ತಿಗೆ ಅವಳೇ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ನೀರೆರೆಯತೊಡಗಿದಳು.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ ಕೇಳಿದ.

“ಗುರುಗಳೇ, ಅವಳನ್ನು ಗುಣಪಡಿಸಿದ್ದು ಬಿಸಿನೀರೋ, ಮುದುಕಿಯ ಕೈಯೋ, ಇಲ್ಲ ತಾನಾಗಿಯೇ ಕಳೆದ ದಿನಗಳೋ? ಅದು ಗೊತ್ತಾದರೆ ನನಗೂ ಧೈರ್ಯ ಬರುತ್ತದೆ.”

ಗುರುಗಳು ಹೇಳಿದರು: “ನೀನು ಇನ್ನೂ ಬಚ್ಚಲ ಬಾಗಿಲಲ್ಲೇ ನಿಂತಿದ್ದೀಯೆ, ಮರುಳಯ್ಯ.”