ಹಸಿರು ದಾರದವರೇ ನಮ್ಮೋರು

ಕೇಳ್ರಪ್ಪಾ ಕೇಳಿ, ನಗು ಬಂದರೆ ತಡ್ಕೋಬೇಡಿ. ಚಿತ್ರದುರ್ಗದ ತಿಮ್ಮಾಜಮ್ಮನಿಗೆ ಒಬ್ಬನೇ ಮಗ, ಕೆಂಚಪ್ಪ. ವಯಸ್ಸು ಮೂವತ್ತು, ಬುದ್ಧಿ ಮೂರು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ತಾಯಿಯ ಗೋಳೆಲ್ಲ ಅದೇ.

ಇಂಥವನನ್ನು ಕಟ್ಟಿಕೊಂಡು ತಿಮ್ಮಾಜಮ್ಮ ಪ್ಯಾಕೇಜ್ ಟೂರಿನಲ್ಲಿ ಸ್ಪೇನಿಗೆ ಹೋದಳು. ಯಾಕೆ? ಅಲ್ಲೊಂದು ಹಳೇ ಊರು, ಊರ ಸುತ್ತ ಕೋಟೆ, ಆ ಕೋಟೆ ಗೋಡೆಯ ಮೇಲೇ ನಡೆದಾಡಬಹುದಂತೆ!

"ನಮ್ಮೂರಿನ ಏಳು ಸುತ್ತೂ ಹತ್ತಿದವಳು ನಾನು. ಇವರ ಒಂದು ಸುತ್ತು ನಡೆದೇ ಬರ್ತೀನಿ!"

ಗೈಡು ಆಯಿಷಾ, ದಾವಣಗೆರೆ ಹುಡುಗಿ, ಅಲ್ಲೇ ನೆಲೆಸಿದವಳು. ಕೈಯಲ್ಲಿ ಹಳದಿ ಛತ್ರಿ. ಬಸ್ಸಿಳಿಯುತ್ತಲೇ ಹೇಳಿದಳು: "ನೀವು ಇಪ್ಪತ್ತು ಜನ, ಟಿಕೆಟ್ ಒಂದೇ. ಸಂಜೆ ಐದಕ್ಕೆ ಗೋಡೆ ಹತ್ತೋದು. ಒಬ್ಬರು ಕಮ್ಮಿಯಾದರೂ ಯಾರನ್ನೂ ಬಿಡಲ್ಲ!"

ತಿಮ್ಮಾಜಮ್ಮ ಮಗನನ್ನು ಪಕ್ಕಕ್ಕೆ ಎಳೆದಳು.

"ಲೇ ಕೆಂಚ, ಆ ಹಳದಿ ಛತ್ರಿ ಎಲ್ಲಿಗೆ ಹೋಗುತ್ತೋ ನೀನೂ ಅಲ್ಲಿಗೇ ಹೋಗು. ಗೊತ್ತಾಯ್ತಾ?"

"ಓ, ಗೊತ್ತಾಯ್ತಮ್ಮ!"

ಛತ್ರಿ ಹೆಬ್ಬಾಗಿಲು ದಾಟಿತು, ಕೆಂಚ ದಾಟಿದ. ಛತ್ರಿ ಮೆಟ್ಟಿಲಿಳಿಯಿತು, ಕೆಂಚ ಇಳಿದ. ಛತ್ರಿ ಹೆಂಗಸರ ಶೌಚಾಲಯಕ್ಕೆ ಹೋಯಿತು, ಕೆಂಚನೂ ಹೋದ! ಒಳಗೆ ಕಿರುಚಾಟವೋ ಕಿರುಚಾಟ!

"ಅಯ್ಯೋ ಪೆದ್ದೇ! ಒಳಗೆ ಹೆಂಗಸರಿದ್ದರೆ ಬಾಗಿಲ ಹೊರಗೆ ಕೈಕಟ್ಟಿ ನಿಂತ್ಕೋಬೇಕು ಕಣೋ!"

"ಆಗಲಮ್ಮ, ಇನ್ಮೇಲೆ ಹಂಗೇ ಮಾಡ್ತೀನಿ."

ಮಧ್ಯಾಹ್ನ ಎಲ್ಲರೂ ಹೋಟೆಲಿಗೆ ನುಗ್ಗಿದರು. ಕೆಂಚ ಇಣುಕಿದ. ಒಳಗೆ ಹೆಂಗಸರು! ಬಾಗಿಲ ಹೊರಗೆ ಕೈಕಟ್ಟಿ ನಿಂತ. ಆಮೇಲೆ ಬಂದ ಜಪಾನಿನವರು ಕ್ಯೂ ಇರಬೇಕು ಅಂತ ಅವನ ಹಿಂದೆ ನಿಂತರು. ಅವರ ಹಿಂದೆ ಜರ್ಮನಿಯವರು. ಸಾಲು ಚರ್ಚಿನ ತನಕ ಬೆಳೆಯಿತು, ಒಳಗೆ ಅರ್ಧ ಹೋಟೆಲು ಖಾಲಿ! ಮಾಲೀಕ ತಲೆ ಚಚ್ಚಿಕೊಂಡ.

"ಉಪವಾಸ ಬಿದ್ದೆಯಲ್ಲೋ! ನಾಲ್ಕು ಜನ ಊಟಕ್ಕೆ ಕೂತ ಕಡೆ ನೀನೂ ಹೋಗಿ ಕೂತು, ಬಡಿಸಿದ್ದನ್ನ ತಿನ್ನಬೇಕು ಕಣೋ!"

"ಆಗಲಮ್ಮ, ಹಂಗೇ ತಿಂತೀನಿ."

ಮುಂದಿನ ಬೀದಿಯ ಅಂಗಳದಲ್ಲಿ ಯಾರದೋ ಮದುವೆ ಊಟ. ಕೆಂಚ ನೇರ ಹೋಗಿ ಮದುಮಗನ ಪಕ್ಕದಲ್ಲೇ ಕೂತ! ಗಂಡಿನ ಕಡೆಯವರು ಇವನು ಹೆಣ್ಣಿನ ಕಡೆಯವನು ಅಂದುಕೊಂಡು ಬಡಿಸಿದರು. ಹೆಣ್ಣಿನ ಕಡೆಯವರು ಗಂಡಿನ ಕಡೆಯವನು ಅಂದುಕೊಂಡು ಇನ್ನಷ್ಟು ಬಡಿಸಿದರು. ಮೂರನೇ ತುಂಡು ಕೇಕು ಬಾಯಲ್ಲಿದ್ದಾಗ ಆಯಿಷಾ ಹುಡುಕಿ ಎಳೆದು ತಂದಳು. ಗಂಟೆ ಆಗಲೇ ನಾಲ್ಕೂವರೆ! ತಿಮ್ಮಾಜಮ್ಮ ತನ್ನ ಕೊರಳಿನ ಕಾರ್ಡು ಎತ್ತಿ ಹಿಡಿದಳು.

"ಅವರು ನಮ್ಮೋರೇನೋ? ಇಲ್ನೋಡು, ಟೂರಿನ ಕಾರ್ಡು, ಹಸಿರು ದಾರ. ಇದು ಯಾರ ಕೊರಳಲ್ಲಿದೆಯೋ ಅವರೇ ನಮ್ಮೋರು. ಇಲ್ಲದವರು ಬೇರೆಯವರು. ನಮ್ಮೋರ ತೋಳು ಹಿಡ್ಕೋ, ಯಾರು ಕರೆದರೂ ಬಿಡಬೇಡ!"

"ಸತ್ತರೂ ಬಿಡಲ್ಲಮ್ಮ!"

ಓಡಿದರು, ಓಡಿದರು. ಗೋಡೆಯ ಮೆಟ್ಟಿಲ ಬುಡದಲ್ಲೊಬ್ಬ ಡೊಳ್ಳುಹೊಟ್ಟೆಯ ಕಾವಲುಗಾರ. ಹತ್ತಿದವರೆಲ್ಲ ಇಳಿದರೋ ಇಲ್ಲವೋ ತಿಳಿಯಬೇಕಲ್ಲ, ಅದಕ್ಕೆ ಒಬ್ಬೊಬ್ಬರ ಕಾರ್ಡನ್ನೂ ತೆಗೆಸಿ ತನ್ನ ಕೊರಳಿಗೇ ಹಾಕಿಕೊಂಡ. ಇಪ್ಪತ್ತು ಹಸಿರು ದಾರ!

ಕೆಂಚ ಅಮ್ಮನ ಕೊರಳು ನೋಡಿದ. ದಾರವಿಲ್ಲ. ಎಲ್ಲರ ಕೊರಳೂ ನೋಡಿದ. ಇಲ್ಲ. ಕಾವಲುಗಾರನ ಕೊರಳು ನೋಡಿದ. ಒಂದೇ ನೆಗೆತಕ್ಕೆ ಅವನ ತೋಳು ತಬ್ಬಿಕೊಂಡ!

"ಬಾರೋ, ಹೊತ್ತಾಯ್ತು!"

"ಯಾರಮ್ಮ ನೀನು?"

"ನಿನ್ನ ಹೆತ್ತೋಳು ಕಣೋ!"

"ದಾರ ಎಲ್ಲಿ? ದಾರ ಇಲ್ಲದೋರು ಬೇರೆಯವರು ಅಂತ ನಮ್ಮಮ್ಮ ಹೇಳವ್ಳೆ!"

ಆಯಿಷಾ ಎಳೆದಳು. ಉಳಿದವರೆಲ್ಲ ಸೇರಿ ಎಳೆದರು. ಕೆಂಚ ಬಿಟ್ಟರೆ ತಾನೆ? ಕಾವಲುಗಾರ ಗಡಿಯಾರ ತೋರಿಸಿ ಏನೋ ಅಂದ.

"ಇನ್ನೆರಡು ನಿಮಿಷ ನೋಡ್ತಾನಂತೆ, ಆಮೇಲೆ ಬಾಗಿಲು ಹಾಕ್ತಾನಂತೆ ತಿಮ್ಮಾಜಮ್ಮೋರೇ!" ಅಂದಳು ಆಯಿಷಾ.

ತಿಮ್ಮಾಜಮ್ಮನ ಕಣ್ಣಲ್ಲಿ ನೀರು ಬಂತು. ಇಷ್ಟು ದೂರ ಬಂದು, ಗೋಡೆಯ ಬುಡ ಮುಟ್ಟಿ ವಾಪಸ್ಸು ಹೋಗೋದೇ? ಥಟ್ಟನೆ ಹೊಳೆಯಿತು.

"ಆಯಿಷಮ್ಮ, ಇವನನ್ನ ಬಿಡಿಸಬೇಡ. ಆ ಯಪ್ಪನ್ನೇ ಮೇಲಕ್ಕೆ ಹತ್ತು ಅನ್ನು!"

ಕಾವಲುಗಾರ ಹೊಟ್ಟೆ ಕುಲುಕಿಸಿ ನಕ್ಕ, ಹತ್ತಿದ. ಅವನ ತೋಳಿಗೆ ಜೋತುಬಿದ್ದು ಕೆಂಚ, ಹಿಂದೆ ತಿಮ್ಮಾಜಮ್ಮ, ಅವಳ ಹಿಂದೆ ಮಿಕ್ಕವರು. ಮೇಲೆ ಗಾಳಿಯೋ ಗಾಳಿ! ತಿಮ್ಮಾಜಮ್ಮನ ಸೆರಗು ಬಾವುಟದ ಹಾಗೆ ಹಾರಿತು. ಬುರುಜಿನಿಂದ ಬುರುಜಿಗೆ ಹುಡುಗಿಯ ಹಾಗೆ ನಡೆದಳು.

"ನಡೆದೇ ಬಿಟ್ಟೆ ಕಣೋ ಕೆಂಚಾ!" ಅಂತ ಕೂಗಿದಳು.

ಕೆಂಚ ತಿರುಗಿ ನೋಡಿದ. ಕಾವಲುಗಾರನ ಕಿವಿಯಲ್ಲಿ ಮೆಲ್ಲಗೆ ಹೇಳಿದ:

"ಪಾಪ, ಯಾರೋ ಹೆಂಗಸು, ಗುಂಪು ತಪ್ಪಿಸ್ಕೊಂಡವ್ಳೆ. ನೋಡೋಕೆ ಥೇಟ್ ನಮ್ಮಮ್ಮನ ಹಾಗೇ ಇದ್ದಾಳೆ. ನಮ್ಮಮ್ಮ ಸಿಕ್ಕಿದ ಕೂಡಲೇ ತೋರಿಸಬೇಕು!"