ಸಾಕು ಅನ್ನುವ ಮಗ

ಮನುಷ್ಯನ ತಲೆಯೊಳಗೆ ಇಳಿದು ನೋಡಿ ಬಂದವನು ಈ ಭೂಮಿ ಮೇಲೆ ನಾನೊಬ್ಬನೇ, ಕೇಳಿ. ನೇಕಾರ ಗುರುಸಿದ್ದಪ್ಪನ ಮಿದುಳಲ್ಲಿ ಒಂದು ಜೀವಕೋಶ ದಿನಾ ಒಬ್ಬ ಮಗನನ್ನು ಹೆರುತ್ತಿತ್ತು. ಅವನು ಕಾವಲಿನ ಪ್ರೋಟೀನು. ಕೋಶ ಒಂದಿದ್ದದ್ದು ಎರಡಾಗಲು ಹೊರಟರೆ ಅವನು, “ಸಾಕು ತಾಯಿ! ಪಕ್ಕದ ಕೋಶದವರು ಯಜಮಾನನ ಮಗಳ ನೆನಪು ಕಾಯುತ್ತಿದ್ದಾರೆ, ಒತ್ತಬೇಡ” ಅನ್ನುತ್ತಿದ್ದ.

“ನನ್ನ ಹೊಟ್ಟೇಲಿ ಹುಟ್ಟಿ ನನಗೇ ಬುದ್ಧಿ ಹೇಳ್ತೀಯೇನೋ?” ಎಂದು ಕೋಶ ಅವನನ್ನು ಹೆರುವುದನ್ನೇ ಬಿಟ್ಟಿತು. ಒಂದು ನೂರಾಗಿ, ನೂರು ಗಡ್ಡೆಯಾಯಿತು.

ಒಂದು ಬೆಳಗ್ಗೆ ಮಗಳು ಚಹಾ ತಂದಾಗ ಗುರುಸಿದ್ದಪ್ಪ, “ನೀ ಯಾರ ಮಗಳವ್ವಾ?” ಎಂದು ಕೇಳಿದ.

ಆಗ ಕೋಶ, “ಬಾರೋ ಮಗನೇ, ಸಾಕು ಅನ್ನೋ!” ಎಂದು ಕೂಗಿತು. ಒಳಗೆ ಯಾರೂ ಇರಲಿಲ್ಲ. ಮತ್ತೆ ಹೆರೋಣವೆಂದರೆ, ಅವನನ್ನು ಹೆರುವ ಬಗೆಯೇ ಅದಕ್ಕೆ ಮರೆತುಹೋಗಿತ್ತು.