ಮಾಳಿಗೆ ಕೆರೆದವನು

"ಗುರುಗಳೇ, ಕಾಯಿಲೆಯಿಂದ ಕಾಪಾಡುವ ಗುಳಿಗೆಯೇ ಮೂಳೆಯನ್ನು ಸವೆಸುವುದಾದರೆ ಅದನ್ನು ನುಂಗುವುದಾದರೂ ಏಕೆ?"

ಕೇಳಿದವಳು ನೀಲಾಂಬಿಕಾ. ಮಠದಲ್ಲಿ ಹಾಡು ಕಲಿಯುವ ಹತ್ತೊಂಬತ್ತರ ಹುಡುಗಿ. ಎರಡು ವರ್ಷದಿಂದ ಅವಳಿಗೆ ಲೂಪಸ್ ಕಾಯಿಲೆ. ಸ್ಟಿರಾಯ್ಡ್ ಗುಳಿಗೆಯಿಂದ ಜ್ವರ, ಕೀಲುನೋವು, ಬೆರಳುಗಳ ಊತ ಹತೋಟಿಗೆ ಬಂದಿದ್ದವು. ಈಗ ಡಾಕ್ಟರು ಮೂಳೆಯ ಸ್ಕ್ಯಾನ್ ಮಾಡಿಸಲು ಹೇಳಿದ್ದರು. ಅದು ಮುದುಕಿಯರ ಪರೀಕ್ಷೆ, ತಾನು ಹೋಗುವುದಿಲ್ಲ ಎಂದು ಅವಳ ಹಟ.

ಗುರುಗಳು ನಕ್ಕರು. "ನಿನ್ನ ಹಟ ನನಗೆ ಹೊಸದೇ, ನನ್ನವ್ವ? ಕೂತುಕೋ" ಎಂದು ಕತೆ ತೆಗೆದರು.

ಒಬ್ಬ ರೈತ ಮಣ್ಣಿನ ಮಾಳಿಗೆಯ ಹೊಸ ಮನೆ ಕಟ್ಟಿಸಿದ. ಮೊದಲ ಮಳೆಗೇ ಸೋರಿತು. ಮಾಳಿಗೆಯ ಮೇಲೆ ಸವಳು ಮಣ್ಣು ಹರಡಿಸಿದ, ಸೋರುವುದು ನಿಂತಿತು. ನಮ್ಮ ಕಡೆಯ ಪದ್ಧತಿ ಗೊತ್ತಲ್ಲ, ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮತ್ತೊಂದು ಪದರ. ಆ ಭಾರವನ್ನೆಲ್ಲ ಹೊರುವುದು ಕೆಳಗಿನ ಮರದ ಜಂತಿಗಳು. ಅವನ್ನು ಒಮ್ಮೆ ಬಡಿದು ನೋಡಿಸು ಎಂದು ಬಡಿಗ ಸಿಕ್ಕಾಗಲೆಲ್ಲ ಹೇಳುತ್ತಿದ್ದ. ಇವನು ಕೇಳಬೇಕಲ್ಲ! ಅಜ್ಜ ಕಟ್ಟಿಸಿದ ಮನೆಯೇ ಇನ್ನೂ ಗಟ್ಟಿಯಾಗಿದೆ, ಆರು ವರ್ಷದ ಮನೆಗೆ ಎಂಥ ಪರೀಕ್ಷೆ ಎಂದು ಗೇಲಿ ಮಾಡುತ್ತಿದ್ದ.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಜಂತಿಯೊಂದು ಚಟ್ಟನೆ ಸೀಳಿತು. ಅದರ ಕೆಳಗೇ ತೊಟ್ಟಿಲಿತ್ತು. ಕೂಸಿಗೆ ಏನೂ ಆಗಲಿಲ್ಲ, ಆದರೆ ತಂದೆಯ ಜೀವ ಬಾಯಿಗೆ ಬಂತು. ಅವನ ಸಿಟ್ಟೆಲ್ಲ ಮಣ್ಣಿನ ಮೇಲೆ ತಿರುಗಿತು. ಯಾರನ್ನೂ ಕೇಳದೆ ಸಲಿಕೆ ಹಿಡಿದು ಮೇಲೆ ಹತ್ತಿ ಅಷ್ಟನ್ನೂ ಕೆರೆದು ಹಾಕಿದ. ವಾರದೊಳಗೆ ಮಳೆ ಹಿಡಿಯಿತು. ನೀರು ಒಳಗಿಳಿದು ಗೋಡೆಗಳು ನೆನೆದವು. ಹೆಂಡತಿ ಕೂಸನ್ನು ಎತ್ತಿಕೊಂಡು ಪಕ್ಕದ ಮನೆ ಸೇರಿದಳು.

ಬಡಿಗ ಬಂದ. ಬೈಯಲಿಲ್ಲ, ಪಾಪ. ಸೀಳಿದ ಜಂತಿಯ ಕೆಳಗೆ ಕಂಬ ನಿಲ್ಲಿಸಿದ. ಉಳಿದವನ್ನು ಒಂದೊಂದಾಗಿ ಬಡಿದು ಕಿವಿಗೊಟ್ಟು ಕೇಳಿದ. ಆಮೇಲೆ, "ಮತ್ತೆ ಮಣ್ಣು ಹಾಕು, ಬೇಕಾದಷ್ಟೇ. ಇಳಿಸುವ ಕಾಲ ಬಂದಾಗ ನಾನೇ ನಿಂತು ಮೆಲ್ಲಗೆ ಇಳಿಸಿಕೊಡುತ್ತೇನೆ" ಎಂದ.

ಗುರುಗಳು ಕತೆ ನಿಲ್ಲಿಸಿದರು. ಸೋಮವಾರವೇ ಸ್ಕ್ಯಾನ್‌ಗೆ ಹೋಗುತ್ತೇನೆಂದು ಹೇಳಿ ನೀಲಾಂಬಿಕಾ ನಮಸ್ಕರಿಸಿದಳು. ಜೋಡಿಸಿದ ಅವಳ ಬೆರಳುಗಳು ಮತ್ತೆ ಊದಿಕೊಂಡಿದ್ದವು. ಗುರುಗಳು ಅವನ್ನೇ ನೋಡುತ್ತ ಮೆಲ್ಲಗೆ ಕೇಳಿದರು:

"ನೀನು ಮಾಳಿಗೆ ಕೆರೆದು ಎಷ್ಟು ದಿನವಾಯಿತು, ನನ್ನವ್ವ?"